ಲೇತಿನ ಡಿಗ್ರಿ ಗೆರೆ ಅಳಿಸಿಹೋಗಿದ್ರೆ ಆಂಗಲ್ ಹಿಡಿಯೋದು ಹೆಂಗೆ, ಯಾರಿಗೆ ಯಾವ ದಾರಿ

ಮಂಡ್ಯ, ಮದ್ದೂರು ಕಡೆ ಹಳೇ ಲೇತ್ ತಗೊಂಡಿರೋ ಮೂರ್ನಾಲ್ಕು ಜನ ಹತ್ರತ್ರ ಒಂದೇ ಪ್ರಶ್ನೆ ಕೇಳಿದ್ರು. ಬೆಡ್ಡು ಪರವಾಗಿಲ್ಲ, ಸ್ಪಿಂಡಲ್ಲು ಗಟ್ಟಿಯಾಗಿದೆ, ಆದ್ರೆ ಕಂಪೌಂಡ್ ಸ್ಲೈಡಿನ (ಟೂಲನ್ನ ಓರೆಯಾಗಿ ಓಡಿಸೋಕೆ ಬೇಕಾದ ಆಂಗಲ್ಲಿಗೆ ತಿರುಗಿಸಿ ಇಡೋ ಮೇಲಿನ ಸ್ಲೈಡು) ಬುಡದಲ್ಲಿರೋ ಡಿಗ್ರಿ ಗೆರೆ ಎಲ್ಲಾ ಸವೆದು ನುಣ್ಣಗಾಗಿದೆ, ಸೊನ್ನೆ ಗೆರೆ ಎಲ್ಲಿ ಅಂತಾನೇ ಕಾಣ್ಸಲ್ಲ, ಈಗ ಬೆವೆಲ್ ಪ್ರೊಟ್ರ್ಯಾಕ್ಟರ್ (ಆಂಗಲ್ ಅಳೆಯೋ ಕೋನಮಾಪಕ) ತಗೊಳ್ಳೋದಾ, ಸೈನ್ ಬಾರ್ (ಎರಡು ರೋಲರ್ ಇರೋ, ಆಂಗಲ್ ಹಿಡಿಯೋ ಪಟ್ಟಿ) ತಗೊಳ್ಳೋದಾ, ಗೆರೆಗಳನ್ನೇ ಮತ್ತೆ ಹೊಡಿಸೋದಾ, ಇಲ್ಲ ಇರೋ ಡಯಲ್ ಗೇಜಲ್ಲೇ (ಸಣ್ಣ ಕದಲಿಕೆಯನ್ನ ಮುಳ್ಳಲ್ಲಿ ತೋರಿಸೋ ಗೇಜು) ಹೆಂಗೋ ಮುಗಿಸ್ಬೋದಾ ಅಂತ. ನಾನು ಮೊದ್ಲು ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟರ್ನರ್ ಆಗಿದ್ದೋನು, ಈಗ ತೂಬಿನಕೆರೆ ಹತ್ರ ನಂದೇ ಒಂದು ಶೆಡ್ ಇದೆ, ಇವೆಲ್ಲಾ ದಾರಿನೂ ಒಂದಲ್ಲ ಒಂದ್ಸಲ ಮಾಡಿ ನೋಡಿದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಒಂದು ಲೆಕ್ಕ ನೋಡಿ. ನಿಮ್ಮ ಕಂಪೌಂಡ್ ಬುಡದ ವ್ಯಾಸ 150 ಎಂಎಂ ಅಂತ ಇಟ್ಕೊಳ್ಳಿ, ಸುತ್ತಳತೆ 471 ಎಂಎಂ ಬರುತ್ತೆ, ಅದನ್ನ 360ಕ್ಕೆ ಭಾಗಿಸಿದ್ರೆ ಒಂದು ಡಿಗ್ರಿಗೆ 1.31 ಎಂಎಂ. ಗೆರೆಯ ದಪ್ಪವೇ 0.2 ಎಂಎಂ ಇದ್ರೆ ಆ ದಪ್ಪದೊಳಗೇ 9 ಮಿನಿಟು (ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು) ಹೋಯ್ತು. ಅಂದ್ರೆ ಗೆರೆ ಹೊಸದಾಗಿ ಪಳಪಳ ಅಂತಿದ್ರೂ ಅದರಿಂದ ಕಾಲು ಡಿಗ್ರಿಗಿಂತ ಸಣ್ಣದನ್ನ ನಂಬ್ಕೊಂಡು ಹಿಡಿಯೋಕಾಗಲ್ಲ. ಹಾಗಾಗಿ ಗೆರೆ ಸವೆದೋಯ್ತು ಅಂತ ಅಷ್ಟೊಂದು ಬೇಜಾರು ಮಾಡ್ಕೋಬೇಡಿ, ಅದು ಯಾವತ್ತಿದ್ರೂ ಅಂದಾಜು ತೋರಿಸೋಕೇ ಇದ್ದಿದ್ದು, ನಿಖರವಾಗಿ ಬೇಕಾದಾಗ ಹೊಸ ಲೇತಲ್ಲೂ ಬೇರೆ ದಾರಿ ಹಿಡೀಲೇಬೇಕು.

ನಂಗೆ ಇದು ಗೊತ್ತಾಗಿದ್ದು ಒಂದು ಸ್ಲೀವ್ ಮಾಡೋವಾಗ. ಡ್ರಿಲ್ಲಿಂಗ್ ಮಷೀನಿಗೆ ಮೋರ್ಸ್ 3ನೇ ನಂಬರ್ ಟೇಪರ್ (ಟೇಪರ್ ಅಂದ್ರೆ ಒಂದು ತುದಿ ದಪ್ಪ ಇನ್ನೊಂದು ತುದಿ ಸಣ್ಣ ಇರೋ ಆಕಾರ, ಮೋರ್ಸ್ ಅಂದ್ರೆ ಡ್ರಿಲ್ ಹಿಡಿಯೋಕೆ ಬಳಸೋ ಸ್ಟ್ಯಾಂಡರ್ಡ್ ಟೇಪರ್), ಒಂದೂವರೆ ಡಿಗ್ರಿ ಅಂತ ಗೆರೆ ನೋಡ್ಕೊಂಡು ಇಟ್ಟೆ. ಅದರ ನಿಜವಾದ ಅರ್ಧ ಆಂಗಲ್ (ಸೆಂಟರ್ ಗೆರೆಯಿಂದ ಒಂದು ಮೈಗೆ) 1 ಡಿಗ್ರಿ 26 ಮಿನಿಟು 16 ಸೆಕೆಂಡು. ವ್ಯತ್ಯಾಸ ನಾಲ್ಕು ಮಿನಿಟೂ ಇಲ್ಲ, ಆದ್ರೆ 80 ಎಂಎಂ ಉದ್ದಕ್ಕೆ ಅದು ವ್ಯಾಸದಲ್ಲಿ 0.17 ಎಂಎಂ ಆಗುತ್ತೆ. ಡ್ರಿಲ್ ಹಾಕಿದ್ರೆ ಒಂದು ತುದೀಲಿ ಮಾತ್ರ ಹಿಡ್ಕೊಂಡು ಇನ್ನೊಂದು ತುದಿ ಅಲ್ಲಾಡೋದು, ಲೋಡ್ ಬಿದ್ದ ತಕ್ಷಣ ಜಾರೋದು. ಒಂದಿಡೀ ಮಧ್ಯಾಹ್ನದ ಕೆಲಸ ಸ್ಕ್ರ್ಯಾಪಿಗೆ ಹೋಯ್ತು, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಆರಿಸ್ಕೊಳ್ಳೋ ಮುಂಚೆ ಕೇಳ್ಕೋಬೇಕಾದ್ದು ಇಷ್ಟು. ಎಷ್ಟು ನಿಖರ ಬೇಕು, ಅರ್ಧ ಡಿಗ್ರಿ ಸಾಕಾ, ಐದು ಮಿನಿಟಾ, ಇಲ್ಲ ಒಂದು ಮಿನಿಟಾ. ಆ ಟೇಪರ್ ಇನ್ನೊಂದು ಪಾರ್ಟಿನೊಳಗೆ ಕೂರ್ಬೇಕಾ, ಇಲ್ಲ ಡ್ರಾಯಿಂಗಲ್ಲಿರೋ ನಂಬರಿಗೆ ಬಂದ್ರೆ ಸಾಕಾ, ಇವೆರಡೂ ಬೇರೆ ಬೇರೆ ಕೆಲಸ. ಆಂಗಲ್ ಚಿಕ್ಕದಾ ದೊಡ್ಡದಾ. ವರ್ಷಕ್ಕೆ ಎರಡು ಸಲ ಬರೋ ಜಾಬಾ, ವಾರಕ್ಕೆ ಹತ್ತು ಸಲಾನಾ. ದುಡ್ಡು ಎಷ್ಟು ಅನ್ನೋದನ್ನ ಕೊನೆಗೆ ಇಟ್ಕೊಳ್ಳಿ ಯಾಕಂದ್ರೆ ತುಂಬಾ ಜನಕ್ಕೆ ಬೇಕಾಗಿರೋದು ಆಗ್ಲೇ ಶೆಡ್ಡಲ್ಲೇ ಬಿದ್ದಿರುತ್ತೆ.

ನಿಖರ ಬೇಡವೇ ಬೇಡ ಅನ್ನೋ ಕೆಲಸಗಳನ್ನ ಮೊದ್ಲು ಪಕ್ಕಕ್ಕೆ ಇಡೋಣ. ಚೂಪು ಅಂಚು ಮುರಿಯೋ 45 ಡಿಗ್ರಿ ಚ್ಯಾಂಫರಿಗೆ ಜಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ಚಕ್ಕಿನ (ಜಾಬನ್ನ ಹಿಡಿಯೋ ಭಾಗ) ಮುಖಕ್ಕೆ ಒತ್ತಿ ಕಣ್ಣಳತೇಲಿ ಇಟ್ರೂ ನಡೆಯುತ್ತೆ. ಥ್ರೆಡ್ಡಿಂಗೂ ಹಂಗೇನೆ, 60 ಡಿಗ್ರಿ ಥ್ರೆಡ್ಡಿಗೆ ಕಂಪೌಂಡನ್ನ ಇಪ್ಪತ್ತೊಂಬತ್ತೂವರೆಗೆ ಇಡ್ತೀವಲ್ಲ, ಥ್ರೆಡ್ಡಿನ ಆಕಾರ ಕೊಡೋದು ಟೂಲೇ ಹೊರತು ಕಂಪೌಂಡ್ ಅಲ್ಲ, ಅದು 29 ಆದ್ರೂ ಏನೂ ಆಗಲ್ಲ. 30 ದಾಟ್ಬಾರ್ದು ಅಷ್ಟೇ, ದಾಟಿದ್ರೆ ಹಿಂದಿನ ಮೈಯಲ್ಲಿ ಮೆಟ್ಟಿಲು ಮೆಟ್ಟಿಲು ಬೀಳುತ್ತೆ. ಇನ್ನೊಂದು, ಕೆಲವು ಲೇತಲ್ಲಿ ಕಂಪೌಂಡ್ ಬೆಡ್ಡಿಗೆ ಸಮಾನಾಂತರ ಇದ್ದಾಗ ಸೊನ್ನೆ, ಕೆಲವುದರಲ್ಲಿ ಕ್ರಾಸ್ ಸ್ಲೈಡಿಗೆ ಸಮಾನಾಂತರ ಇದ್ದಾಗ ಸೊನ್ನೆ, ಅದು ಗೊತ್ತಾಗದೆ 30 ಇಡೋ ಕಡೆ 60 ಇಟ್ಟು ಜಾಬ್ ಕೆಡಿಸ್ಕೊಂಡಿರೋರನ್ನ ನೋಡಿದೀನಿ. ಗೆರೆ ಇಲ್ದೆ ಇರೋವಾಗ ಬುಕ್ಕಲ್ಲಿರೋ ಆಂಗಲ್ ಸ್ಪಿಂಡಲ್ ಕಡೆಯಿಂದ ಲೆಕ್ಕವಾ ಕ್ರಾಸ್ ಸ್ಲೈಡ್ ಕಡೆಯಿಂದ ಲೆಕ್ಕವಾ ಅಂತ ಪೇಪರ್ ಮೇಲೆ ಒಂದು ಚಿತ್ರ ಬರ್ಕೊಂಡೇ ಶುರು ಮಾಡಿ.

ಬೆವೆಲ್ ಪ್ರೊಟ್ರ್ಯಾಕ್ಟರಿಗೆ ಬರೋಣ, ಎಲ್ಲರ ಮನಸ್ಸಿಗೂ ಮೊದ್ಲು ಬರೋದು ಅದೇ. ವರ್ನಿಯರ್ ಇರೋದು 5 ಮಿನಿಟಿನವರೆಗೆ ಓದುತ್ತೆ, ಬೇಗ ಆಗುತ್ತೆ, ಲೆಕ್ಕ ಇಲ್ಲ, ಯಾವ ಆಂಗಲ್ ಬೇಕಾದ್ರೂ ಇಡ್ಬೋದು. ಒಳ್ಳೇ ಕಂಪನೀದು ಬೆಲೆ ಜಾಸ್ತೀನೇ, ಲೋಕಲ್ ಕಮ್ಮಿಗೂ ಸಿಗುತ್ತೆ, ಆದ್ರೆ ತೊಂದ್ರೆ ಬರೋದು ಪ್ರೊಟ್ರ್ಯಾಕ್ಟರಿಂದ ಅಲ್ಲ, ಅದನ್ನ ಎಲ್ಲಿಗೆ ಒತ್ತಿ ಹಿಡೀತೀವಿ ಅನ್ನೋದ್ರಿಂದ. ತುಂಬಾ ಜನ ಸ್ಟಾಕನ್ನ (ಪ್ರೊಟ್ರ್ಯಾಕ್ಟರಿನ ಬುಡದ ಪಟ್ಟಿ) ಚಕ್ಕಿನ ಮುಖಕ್ಕೆ ಒತ್ತಿ ಬ್ಲೇಡನ್ನ ಕಂಪೌಂಡಿನ ಪಕ್ಕದ ಮೈಗೆ ತಾಗಿಸ್ತಾರೆ. ಆ ಪಕ್ಕದ ಮೈ ಎಷ್ಟೋ ಲೇತಲ್ಲಿ ಬರೀ ಎರಕದ ಮೇಲೆ ಪೇಂಟ್ ಹೊಡೆದಿರೋದು, ಸ್ಲೈಡ್ ಓಡೋ ದಿಕ್ಕಿಗೂ ಅದಕ್ಕೂ ಸಂಬಂಧನೇ ಇರಲ್ಲ. ಒಂದ್ಸಲ ಪರೀಕ್ಷೆ ಮಾಡಿ ನೋಡಿ: ಮ್ಯಾಗ್ನೆಟಿಕ್ ಸ್ಟ್ಯಾಂಡನ್ನ ಬೆಡ್ ಮೇಲೆ ಕೂರಿಸಿ ಡಯಲ್ಲನ್ನ ಆ ಮೈಗೆ ತಾಗಿಸಿ ಕಂಪೌಂಡಿನ ಹ್ಯಾಂಡಲ್ ತಿರುಗಿಸಿ ಸ್ಲೈಡ್ ಓಡಿಸಿ, 50 ಎಂಎಂ ಓಟಕ್ಕೆ ಮುಳ್ಳು 0.1 ಹೋದ್ರೆ ಅಲ್ಲಿಗೇ 7 ಮಿನಿಟು ತಪ್ಪು, ನೀವು ದುಡ್ಡು ಕೊಟ್ಟ 5 ಮಿನಿಟಿನ ನಿಖರತೆ ನೀರಲ್ಲಿ ಹೋಮ.

ಇದಕ್ಕೆ ಪರಿಹಾರ ಇದೆ. ಪ್ರೊಟ್ರ್ಯಾಕ್ಟರನ್ನ ಆಂಗಲ್ಲಿಗೆ ಲಾಕ್ ಮಾಡಿ ಸ್ಟಾಕನ್ನ ಫೇಸ್ ಪ್ಲೇಟಿಗೋ (ಸ್ಪಿಂಡಲ್ಲಿಗೆ ಕೂರೋ ಚಪ್ಪಟೆ ಡಿಸ್ಕು) ಆಗತಾನೆ ಫೇಸಿಂಗ್ ಹೊಡೆದ ಒಂದು ಡಿಸ್ಕಿಗೋ ಒತ್ತಿ ಹಿಡೀರಿ, ಡಯಲ್ಲನ್ನ ಟೂಲ್ ಪೋಸ್ಟಲ್ಲಿ ಕಟ್ಟಿ ಬ್ಲೇಡಿನ ಅಂಚಿನ ಮೇಲೆ ಓಡಿಸಿ. ಕಂಪೌಂಡ್ ಓಡಿದಷ್ಟೂ ಮುಳ್ಳು ಕದಲದೆ ನಿಂತ್ರೆ ಆಂಗಲ್ ಸರಿ. ಹಿಂಗೆ ಮಾಡಿದ್ರೆ ಕಂಪೌಂಡಿನ ಮೈ ಹೆಂಗಿದ್ರೂ ಲೆಕ್ಕಕ್ಕೆ ಬರಲ್ಲ, ಓಡೋ ದಿಕ್ಕನ್ನೇ ನೀವು ಅಳೀತಿದೀರಿ. ದಿನಾ ಬೇರೆ ಬೇರೆ ಆಂಗಲ್ ಬರೋ ಜಾಬ್ ಶಾಪಿಗೆ, ಬೆವೆಲ್ ಗೇರ್ ಬ್ಲ್ಯಾಂಕು, ವಾಲ್ವ್ ಸೀಟು, ಹಾಪರಿನ ಕೋನು ಇಂಥವಕ್ಕೆ, ನನ್ನ ಪ್ರಕಾರ ಇದೇ ಸರಿ.

ಡಿಜಿಟಲ್ ಆಂಗಲ್ ಗೇಜ್ ಬಗ್ಗೆ ಒಂದು ಎಚ್ಚರಿಕೆ. ಮ್ಯಾಗ್ನೆಟ್ ಇರೋ ಚಿಕ್ಕ ಚೌಕದ ಡಬ್ಬಿ ಬರುತ್ತಲ್ಲ, ಅದು ಭೂಮಿಯ ಎಳೆತ ನೋಡ್ಕೊಂಡು ಓರೆ ಅಳೆಯೋದು. ಕಂಪೌಂಡ್ ತಿರುಗೋದು ನೆಲಕ್ಕೆ ಮಟ್ಟವಾಗಿ, ಹಂಗಾಗಿ ನೀವು ಎಷ್ಟು ತಿರುಗಿಸಿದ್ರೂ ಅದು ಸೊನ್ನೆನೇ ತೋರಿಸುತ್ತೆ. ಈ ಕೆಲಸಕ್ಕೆ ಅದನ್ನ ತಗೋಬೇಡಿ. ಎರಡು ಪಟ್ಟಿ ಇರೋ ಡಿಜಿಟಲ್ ರೂಲರ್ ಆದ್ರೆ ಮಟ್ಟದಲ್ಲೂ ಕೆಲಸ ಮಾಡುತ್ತೆ, ಆದ್ರೆ ಅಗ್ಗದ್ದರಲ್ಲಿ 0.3 ಡಿಗ್ರಿ ಆಚೀಚೆ ಸಾಮಾನ್ಯ, ಅಂದ್ರೆ 18 ಮಿನಿಟು, ಒರಟು ಕೆಲಸಕ್ಕೆ ಮಾತ್ರ.

ಈಗ ನಾನು ಜಾಸ್ತಿ ಬಳಸೋ ದಾರಿ, ಒಂದು ಡಯಲ್ ಗೇಜು ಒಂದು ನೆಟ್ಟಗಿರೋ ಗ್ರೌಂಡ್ ಬಾರ್ (ಗ್ರೈಂಡ್ ಮಾಡಿದ ಕಂಬಿ). ಬಾರನ್ನ ಚಕ್ಕಲ್ಲಿ ಹಿಡೀರಿ. ಡಯಲ್ಲನ್ನ ಟೂಲ್ ಪೋಸ್ಟಲ್ಲಿ ಕಟ್ಟಿ, ಅದರ ಕಡ್ಡಿ ಬಾರಿಗೆ ನೇರ ಅಡ್ಡವಾಗಿ, ಸರಿಯಾಗಿ ಸೆಂಟರ್ ಎತ್ತರದಲ್ಲಿ ತಾಗ್ಬೇಕು. ಕಂಪೌಂಡನ್ನ ಗೊತ್ತಿರೋ ಅಷ್ಟು ದೂರ ಓಡಿಸಿದ್ರೆ ಮುಳ್ಳು ತೋರ್ಸೋದು ಆ ದೂರ ಗುಣಿಸು ಆಂಗಲ್ಲಿನ ಸೈನ್. ಮೋರ್ಸ್ 3ಕ್ಕೆ 50 ಎಂಎಂ ಓಡಿಸಿದ್ರೆ 1.2545 ಬರ್ಬೇಕು, ಮೋರ್ಸ್ 2ಕ್ಕೆ 1.248. ಬರ್ಲಿಲ್ಲ ಅಂದ್ರೆ ಬೋಲ್ಟು ಸ್ವಲ್ಪ ಸಡಿಲ ಮಾಡಿ ತಾಮ್ರದ ಸುತ್ತಿಗೇಲಿ ಮೆಲ್ಲಗೆ ತಟ್ಟಿ ಮತ್ತೆ ಓಡಿಸಿ. ನಾಲ್ಕೈದು ಸಲಕ್ಕೆ ಕೂರುತ್ತೆ, ಕೈ ಕುದುರಿದ್ಮೇಲೆ ಎರಡ್ಮೂರು ಸಲ ಸಾಕು. ಫೋನಲ್ಲಿರೋ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದ್ರೆ ಸೈನ್ ಸಿಗುತ್ತೆ, ಡಿಗ್ರಿ ಮೋಡಲ್ಲಿ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ. ಸೈನ್ ಬದ್ಲು ಟ್ಯಾನ್ ಹಾಕಿದ್ರೆ ಒಂದೂವರೆ ಡಿಗ್ರೀಲಿ ವ್ಯತ್ಯಾಸ ಗೊತ್ತೇ ಆಗಲ್ಲ, 30 ಡಿಗ್ರೀಲಿ 0.5 ಬರೋ ಕಡೆ 0.577 ಬಂದು ಜಾಬೇ ಹೋಗುತ್ತೆ. ಕಂಪೌಂಡ್ ಓಡಿಸಿದ ದೂರ ಓರೆ ಗೆರೆ, ಅದಕ್ಕೇ ಸೈನ್.

ಹಳೇ ಲೇತು, ಕಂಪೌಂಡ್ ಸ್ಕ್ರೂನೂ ಸವೆದಿರುತ್ತಲ್ಲ, 50 ಎಂಎಂ ಅಂತ ಡಯಲಲ್ಲಿ ಎಣಿಸಿದ್ರೆ ಅದನ್ನ ನಂಬೋದು ಹೆಂಗೆ ಅಂತ ಒಬ್ರು ಕೇಳಿದ್ರು, ಒಳ್ಳೇ ಪ್ರಶ್ನೆ. ಚಿಕ್ಕ ಆಂಗಲ್ಲಿಗೆ ಅದು ತೊಂದ್ರೆನೇ ಅಲ್ಲ. ಮೋರ್ಸ್ 3ರಲ್ಲಿ 50ರ ಬದ್ಲು 50.1 ಓಡಿದ್ರೆ ಆಂಗಲ್ಲಲ್ಲಿ ತಪ್ಪು ಬರೋದು ಹತ್ತು ಸೆಕೆಂಡು ಅಷ್ಟೇ. ಅದೇ 30 ಡಿಗ್ರೀಲಿ 10 ಎಂಎಂ ಓಡಿಸೋವಾಗ ಅದೇ 0.1 ತಪ್ಪಾದ್ರೆ 20 ಮಿನಿಟು ಹೋಗುತ್ತೆ. ಆದ್ದರಿಂದ ಸಣ್ಣ ಟೇಪರಿಗೆ ಸ್ಕ್ರೂ ನಂಬಿ, ಸ್ಕ್ರೂವಿನ ಪ್ಲೇ (ಸಡಿಲ) ಒಂದೇ ಕಡೆ ತೆಗೆದ್ಬಿಟ್ಟು ಒಂದೇ ದಿಕ್ಕಿಗೆ ತಿರುಗಿಸಿ, ಆಯ್ತು. ದೊಡ್ಡ ಆಂಗಲ್ಲಿಗೆ ಓಟವನ್ನೂ ಇನ್ನೊಂದು ಡಯಲ್ಲಲ್ಲಿ ಅಳೀರಿ, ಇಲ್ಲ ಮೈಕ್ರೋಮೀಟರಲ್ಲಿ ಅಳೆದ ಒಂದು ಡವೆಲ್ ಪಿನ್ನನ್ನ ಸ್ಟಾಪಿನ ಮಧ್ಯೆ ಇಟ್ಟು ತೆಗೆದು ಓಡಿಸಿ. 45 ಡಿಗ್ರಿ ದಾಟಿದ್ರೆ ಬಾರ್ ಬಿಟ್ಟು ಫೇಸ್ ಪ್ಲೇಟ್ ಮುಖದ ಮೇಲೆ ಡಯಲ್ ತಾಗಿಸಿ, 90ರಲ್ಲಿ ಉಳಿದ ಆಂಗಲ್ಲಿನ ಸೈನ್ ಲೆಕ್ಕ ಹಾಕಿ.

ಬಾರ್ ಚಕ್ಕಲ್ಲಿ ಓರೆಯಾಗಿ ಕೂತಿದ್ರೆ? ಒಂದ್ಸಲ ಓದಿ, ಚಕ್ಕನ್ನ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ, ಎರಡರ ಸರಾಸರಿ ತಗೊಳ್ಳಿ, ಬಾರಿನ ಓರೆ ಹೊಡ್ಕೊಂಡು ಹೋಗಿ ಸ್ಪಿಂಡಲ್ಲಿನ ನಿಜವಾದ ದಿಕ್ಕೇ ಸಿಗುತ್ತೆ. 50 ಎಂಎಂ ಓಟದಲ್ಲಿ 0.01 ಅಂದ್ರೆ ಮುಕ್ಕಾಲು ಮಿನಿಟೂ ಇಲ್ಲ, ಸಾಮಾನ್ಯ ಪ್ಲಂಜರ್ ಡಯಲ್ಲಲ್ಲೇ (ಕಡ್ಡಿ ನೇರ ಒಳಕ್ಕೆ ಹೊರಕ್ಕೆ ಓಡೋದು) ಇಷ್ಟು ನಿಖರ ಬರುತ್ತೆ ಅಂದ್ರೆ ಇನ್ನೇನು ಬೇಕು ಹೇಳಿ. ಲಿವರ್ ಡಯಲ್ (ಕಡ್ಡಿ ಪಕ್ಕಕ್ಕೆ ವಾಲೋದು) ಬಳಸೋರು ಕಡ್ಡಿಯ ಓರೆಯಿಂದ ಓದೋದೇ ತಪ್ಪಾಗುತ್ತೆ ಅನ್ನೋದನ್ನ ಮರೀಬೇಡಿ, ದೂರ ಅಳೆಯೋ ಕೆಲಸಕ್ಕೆ ಪ್ಲಂಜರ್ರೇ ಸರಿ, ಮುಳ್ಳು ಕದಲುತ್ತಾ ಇಲ್ವಾ ಅಂತ ನೋಡೋದಕ್ಕೆ ಲಿವರ್ ಚೆನ್ನಾಗಿದೆ.

ಸೈನ್ ಬಾರ್ ಮತ್ತೆ ಸ್ಲಿಪ್ ಗೇಜ್ (ನಿಖರ ದಪ್ಪದ ಸ್ಟೀಲ್ ತುಂಡುಗಳು) ಇದ್ರೆ ಓಟದ ತಲೆನೋವೂ ಇರಲ್ಲ. 100 ಎಂಎಂ ಸೈನ್ ಬಾರನ್ನ ಅದರ ಪಕ್ಕದ ಮೈ ಮೇಲೆ ಮಲಗಿಸಿ, ಒಂದು ರೋಲರ್ ಅಡಿ ಸ್ಲಿಪ್ ಕೊಟ್ಟು ಉದ್ದಕ್ಕೆ ಹಿಡಿದ ಪ್ಯಾರಲಲ್ಲಿಗೆ ಒತ್ತಿ, ಟೂಲ್ ಪೋಸ್ಟಿನ ಡಯಲ್ಲನ್ನ ಅದರ ಮೈ ಮೇಲೆ ಓಡಿಸ್ಬೇಕು. 30 ಡಿಗ್ರಿಗೆ 50 ಎಂಎಂ ಸ್ಲಿಪ್ಪು, ಮೋರ್ಸ್ 3ಕ್ಕೆ 2.509, ಅಂದ್ರೆ 87 ಪೀಸಿನ ಸೆಟ್ಟಲ್ಲಿ 1.009 ಮತ್ತೆ 1.5 ಸೇರಿಸಿದ್ರೆ ಆಯ್ತು. ತುಂಬಾ ಚೆನ್ನಾಗಿ ಬರುತ್ತೆ. ಆದ್ರೆ ಸ್ಲಿಪ್ ಸೆಟ್ಟಿನ ಬೆಲೆ ನೋಡಿದ್ರೆ ಸಣ್ಣ ಶೆಡ್ಡಿಗೆ ಅದೊಂದೇ ಕೆಲಸಕ್ಕೆ ತಗೊಳ್ಳಿ ಅಂತ ನಾನು ಹೇಳಲ್ಲ. ಎಣ್ಣೆ, ಚಿಪ್ಸು, ಕೂಲೆಂಟ್ ಹಾರೋ ಜಾಗದಲ್ಲಿ ಸ್ಲಿಪ್ ಗೇಜ್ ಬಿಚ್ಚೋದು ನೋಡಿದ್ರೇ ಸಂಕಟ ಆಗುತ್ತೆ. ಟೂಲ್ ರೂಮ್ ಕೆಲಸ ಮಾಡೋರಿಗೆ, ಇನ್ಸ್‌ಪೆಕ್ಷನ್ ರಿಪೋರ್ಟ್ ಕೊಡ್ಬೇಕಾದೋರಿಗೆ ಸರಿ. 45 ಡಿಗ್ರಿ ಮೇಲೆ ಸೈನ್ ಬಾರ್ ನಂಬಬೇಡಿ, ಅಲ್ಲಿ ಸ್ಲಿಪ್ಪಲ್ಲಿ ಸ್ವಲ್ಪ ತಪ್ಪಾದ್ರೂ ಆಂಗಲ್ ಜಾಸ್ತಿ ಕೆಡುತ್ತೆ.

ಕೂರ್ಬೇಕಾದ ಪಾರ್ಟಿಗೆ, ಅಂದ್ರೆ ಸ್ಯಾಂಪಲ್ ಕೈಯಲ್ಲೇ ಇರೋವಾಗ, ನಂಬರ್ ಬಿಟ್ಬಿಡಿ, ಕಾಪಿ ಮಾಡಿ. ನಮ್ಮ ಕಡೆ ಬರೋ ಕೆಲಸದಲ್ಲಿ ಅರ್ಧಕ್ಕರ್ಧ ಇದೇ. ಆಲೆಮನೆಯೋರು ಕಬ್ಬಿನ ಸೀಸನ್ನಲ್ಲಿ ಗಾಣ ನಿಂತೋಯ್ತು ಅಂತ ಎಂಜಿನ್ನಿನ ಟೇಪರ್ ಶಾಫ್ಟಿಗೆ ಕೂರೋ ಪುಲ್ಲಿ ತರ್ತಾರೆ, ಕೊಪ್ಪರಿಗೆ ಒಲೆ ಮೇಲೆ ಇದೆ ಅಣ್ಣ ಸಾಯಂಕಾಲದೊಳಗೆ ಬೇಕು ಅಂತಾರೆ, ಅಲ್ಲಿ ಡ್ರಾಯಿಂಗ್ ಎಲ್ಲಿಂದ ಬರ್ಬೇಕು. ಆ ಶಾಫ್ಟನ್ನ ಅಥವಾ ಅದೇ ಟೇಪರಿನ ಯಾವುದಾದ್ರೂ ಪಾರ್ಟನ್ನ ಲೇತಲ್ಲಿ ಹಿಡ್ದು ಸೆಂಟರ್ ಎತ್ತರದಲ್ಲಿ ಡಯಲ್ ತಾಗಿಸಿ ಕಂಪೌಂಡ್ ಓಡಿಸಿ, ಮುಳ್ಳು ಕದಲದ ತನಕ ತಟ್ಟಿ, ಮುಗೀತು. ಲೆಕ್ಕ ಇಲ್ಲ, ಗೆರೆ ಬೇಡ. ಮೋರ್ಸ್ ಟೇಪರಿಗೆ ಟೇಪರ್ ಶ್ಯಾಂಕ್ ರೀಮರ್ ಒಳ್ಳೇ ಮಾಸ್ಟರ್, ಎರಡೂ ತುದೀಲಿ ಸೆಂಟರ್ ಇರೋದು ನೋಡಿ ಎರಡು ಸೆಂಟರ್ ಮಧ್ಯೆ ಹಿಡೀರಿ, ಟೈಲ್ ಸ್ಟಾಕ್ (ಚಕ್ಕಿನ ಎದುರಿಗೆ ಜಾಬಿನ ಇನ್ನೊಂದು ತುದಿ ಹಿಡಿಯೋ ಭಾಗ) ಸೊನ್ನೇಲಿದೆಯಾ ಅಂತ ಮೊದ್ಲು ನೋಡ್ಕೊಂಡು. ಸ್ಯಾಂಪಲ್ಲೇ ಸವೆದಿದ್ರೆ ಸವೆದಿದ್ದನ್ನೇ ಕಾಪಿ ಮಾಡ್ತೀರಿ, ಅದಕ್ಕೆ ಸವೆಯದ ಜಾಗ ಹುಡುಕಿ ಓಡಿಸಿ.

ಗಂಡು (ಒಳಗೆ ಹೋಗೋ ಪಾರ್ಟು) ಹೆಣ್ಣು (ಅದು ಕೂರೋ ತೂತಿನ ಪಾರ್ಟು) ಎರಡೂ ನೀವೇ ಮಾಡ್ತಿದ್ರೆ ಇನ್ನೂ ಸುಲಭ: ಕಂಪೌಂಡಿನ ಆಂಗಲ್ಲನ್ನ ಮಧ್ಯೆ ಬದಲಾಯಿಸಲೇಬೇಡಿ. ಗಂಡು ಟೇಪರನ್ನ ಮುಂದಿನ ಕಡೆ ಮಾಮೂಲಿಯಾಗಿ ಟರ್ನ್ ಮಾಡಿ, ಹೆಣ್ಣನ್ನ ಬೋರ್ ಮಾಡೋವಾಗ ಟೂಲನ್ನ ತೂತಿನ ಆಚೆ ಕಡೆ ಗೋಡೆಗೆ ತಗೊಂಡೋಗಿ, ಟೂಲ್ ತಲೆಕೆಳಗೆ ಕಟ್ಟಿ ಸ್ಪಿಂಡಲ್ ಮುಂದಕ್ಕೇ ತಿರುಗಿಸಿ. ಅದೇ ಆಂಗಲ್ಲು, ಎರಡೂ ತಾಳೆ ಆಗುತ್ತೆ. ಟೂಲ್ ನೆಟ್ಟಗೇ ಕಟ್ಟಿ ಸ್ಪಿಂಡಲ್ ರಿವರ್ಸ್ ಮಾಡೋದೂ ಉಂಟು, ಆದ್ರೆ ಚಕ್ಕು ಥ್ರೆಡ್ಡಲ್ಲಿ ಕೂರೋ ಲೇತ್ ಆದ್ರೆ ರಿವರ್ಸಲ್ಲಿ ಕಟ್ ಹಾಕ್ಬೇಡಿ, ಚಕ್ ಬಿಚ್ಚಿ ಕಾಲ ಮೇಲೆ ಬೀಳುತ್ತೆ.

ಉದ್ದನೆಯ ಸಣ್ಣ ಟೇಪರ್, ಕಂಪೌಂಡಿನ ಓಟಕ್ಕೆ ಸಿಗದಂಥದ್ದು, ಅದಕ್ಕೆ ಟೈಲ್ ಸ್ಟಾಕ್ ಸರಿಸೋದು. ಸೆಂಟರ್ ಮಧ್ಯೆ 300 ಎಂಎಂ ಬಾರ್, ಅರ್ಧ ಆಂಗಲ್ ಒಂದು ಡಿಗ್ರಿ ಅಂದ್ರೆ 5.24 ಎಂಎಂ ಸರಿಸ್ಬೇಕು. ಬಾರಿನ ಉದ್ದ ಬದಲಾದ್ರೆ ಟೇಪರೂ ಬದಲಾಗುತ್ತೆ, ಹತ್ತು ಪೀಸ್ ಮಾಡೋವಾಗ ಎಲ್ಲಾ ಒಂದೇ ಉದ್ದಕ್ಕೆ ಕತ್ತರಿಸಿರ್ಬೇಕು. ಆಮೇಲೆ ಟೈಲ್ ಸ್ಟಾಕನ್ನ ಮತ್ತೆ ಸೊನ್ನೆಗೆ ತರೋಕೆ ಹಿಡಿಯೋ ಟೈಮು ಬೇರೆ. ಟೇಪರ್ ಅಟ್ಯಾಚ್‌ಮೆಂಟ್ ಇದ್ರೆ ಇದ್ಯಾವುದೂ ಬೇಡ, ಆದ್ರೆ ಹಳೇ ಲೇತ್ ಜೊತೆ ಅದು ಬಂದಿರೋದು ಅಪರೂಪ.

ಗೆರೆನೇ ಮತ್ತೆ ಹೊಡಿಸೋದು? ಮಿಲ್ಲಿಂಗ್ ಮಷೀನೂ ಡಿವೈಡಿಂಗ್ ಹೆಡ್ಡೂ (ಸುತ್ತನ್ನ ಸಮ ಭಾಗ ಮಾಡೋ ಸಾಧನ) ಇರೋರ ಹತ್ರ ಆಗುತ್ತೆ. 40ಕ್ಕೆ 1ರ ಹೆಡ್ಡಲ್ಲಿ ಒಂದು ಡಿಗ್ರಿ ಅಂದ್ರೆ ಹ್ಯಾಂಡಲ್ಲಿನ ಒಂಬತ್ತನೇ ಒಂದು ಸುತ್ತು, 18 ತೂತಿನ ವೃತ್ತದಲ್ಲಿ 2 ತೂತು, 27ರಲ್ಲಾದ್ರೆ 3. ಚೂಪು ಟೂಲಲ್ಲಿ ಗೆರೆ ಎಳೀತಾ ಹೋಗೋದು, ಐದಕ್ಕೆ ಸ್ವಲ್ಪ ಉದ್ದ, ಹತ್ತಕ್ಕೆ ಇನ್ನೂ ಉದ್ದ. ಇಲ್ಲ ಅಂದ್ರೆ ತೆಳು ಸ್ಟೀಲ್ ಪಟ್ಟಿ ಮೇಲೆ ಲೇಸರ್ ಮಾರ್ಕಿಂಗ್ ಮಾಡಿಸಿ ಅಂಟಿಸ್ಬೋದು, ಲೆಕ್ಕ ಹಾಕೋವಾಗ ಪಟ್ಟಿಯ ದಪ್ಪವನ್ನೂ ವ್ಯಾಸಕ್ಕೆ ಸೇರಿಸಿ. ಲೇತ್ ಬಿಚ್ಚಿ ಕೆಲಸ ನಿಲ್ಸೋ ಖರ್ಚು ನೋಡಿದ್ರೆ ನಾನು ಇದನ್ನ ಕೊನೇಲಿ ಇಡ್ತೀನಿ, ಆದ್ರೆ ಹುಡುಗರಿಗೆ ಕೆಲಸ ಕಲ್ಸೋ ಜಾಗದಲ್ಲಿ, ದಿನಕ್ಕೆ ಇಪ್ಪತ್ತು ಸಲ ಅಂದಾಜು ಆಂಗಲ್ ಬದಲಾಯ್ಸೋ ಕಡೆ ಗೆರೆ ಇರ್ಬೇಕು, ಅಲ್ಲಿ ಮಾಡ್ಸಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು, ಬೆಂಗಳೂರಿನ ಎಚ್ಎಂಟಿ ಲೇತುಗಳು ನಮ್ಮ ಕಡೆ ಶೆಡ್ಡುಗಳಲ್ಲಿ ಇನ್ನೂ ಗಟ್ಟಿಯಾಗಿ ದುಡೀತಿವೆ, ಅಂಥದ್ದಕ್ಕೆ ಒಂದು ಸಲ ಖರ್ಚು ಮಾಡಿ ಗೆರೆ ಹೊಡಿಸಿದ್ರೆ ತಪ್ಪಿಲ್ಲ. ಹೊಡಿಸಿದ್ಮೇಲೆ ಆ ಜಾಗಕ್ಕೆ ಎಮರಿ ಪೇಪರ್ ಮಾತ್ರ ಹಾಕ್ಬೇಡಿ, ತುಕ್ಕು ತೆಗೆಯೋಕೆ ಸೀಮೆಎಣ್ಣೆ ಬಟ್ಟೆ ಸಾಕು, ಗೆರೆ ಸವೆಯೋದೇ ಎಮರಿಯಿಂದ.

ಹಂಗಾದ್ರೆ ಏನು ತಗೊಳ್ಳೋದು ಅಂದ್ರೆ, ಕೈಯಲ್ಲಿ ಏನೂ ಇಲ್ದೆ ಶುರು ಮಾಡ್ತಿರೋರು ಮೊದ್ಲು ಒಂದು ಒಳ್ಳೇ ಪ್ಲಂಜರ್ ಡಯಲ್ಲು, ಮ್ಯಾಗ್ನೆಟಿಕ್ ಸ್ಟ್ಯಾಂಡು, ಒಂದು ಗ್ರೌಂಡ್ ಬಾರ್ ತಗೊಳ್ಳಿ, ಇವು ಬೇರೆ ನೂರು ಕೆಲಸಕ್ಕೂ ಬರುತ್ತೆ. ಮುಂದೆ ಬೇರೆ ಬೇರೆ ಆಂಗಲ್ ಜಾಬು ಜಾಸ್ತಿ ಆದ್ರೆ ವರ್ನಿಯರ್ ಪ್ರೊಟ್ರ್ಯಾಕ್ಟರ್ ಸೇರಿಸಿ. ಬರೀ ರಿಪೇರಿ ಕೆಲಸದೋರಿಗೆ ಡಯಲ್ ಮತ್ತೆ ಕಾಪಿ ವಿದ್ಯೆ ಸಾಕು. ಸೈನ್ ಬಾರನ್ನ ಗಿರಾಕಿ ರಿಪೋರ್ಟ್ ಕೇಳೋ ತನಕ ಮುಂದೂಡಿ.

ಯಾವ ದಾರಿ ಹಿಡಿದ್ರೂ ಎರಡು ಕಡೆ ಆಂಗಲ್ ಕೈ ತಪ್ಪುತ್ತೆ. ಒಂದು, ಬೋಲ್ಟ್ ಬಿಗಿ ಮಾಡೋವಾಗ ಕಂಪೌಂಡ್ ಕೂದಲೆಳೆ ತಿರುಗುತ್ತೆ, ಅದಕ್ಕೆ ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪ ಅದಲು ಬದಲು ಬಿಗಿ ಮಾಡಿ, ಪೂರ್ತಿ ಬಿಗಿಯಾದ್ಮೇಲೆ ಮತ್ತೊಂದ್ಸಲ ಡಯಲ್ ಓಡಿಸಿ ನೋಡ್ಲೇಬೇಕು. ಜಿಬ್ (ಸ್ಲೈಡ್ ಅಲ್ಲಾಡದಂಗೆ ಹಿಡಿಯೋ ಪಟ್ಟಿ) ಸಡಿಲ ಇದ್ರೆ ಅದನ್ನ ಮೊದ್ಲೇ ಸರಿ ಮಾಡಿ, ಇಲ್ಲ ಅಂದ್ರೆ ಡಯಲ್ಲಲ್ಲಿ ಒಂದು, ಕಟ್ಟಿಂಗಲ್ಲಿ ಒಂದು. ಇನ್ನೊಂದು, ಟೂಲಿನ ತುದಿ ಸೆಂಟರಿಗಿಂತ ಮೇಲೋ ಕೆಳಗೋ ಇದ್ರೆ ಕಂಪೌಂಡ್ ಎಷ್ಟೇ ಸರಿ ಇದ್ರೂ ಟೇಪರ್ ತಪ್ಪೇ ಬರುತ್ತೆ, ಮೈ ನೇರ ಇರೋ ಬದ್ಲು ಒಳಕ್ಕೆ ಡೊಂಕಾಗುತ್ತೆ. ಡೆಡ್ ಸೆಂಟರ್ ತುದಿಗೆ ಟೂಲ್ ತುದಿ ಹಿಡಿದು ನೋಡಿ ಎತ್ತರ ಕೂರಿಸಿ.

ಕಟ್ ಹಾಕಿದ್ಮೇಲೆ ಫೈನಲ್ ಸೈಜಿಗೆ ಮುಂಚೆ, ಅರ್ಧ ಎಂಎಂ ಮೆಟೀರಿಯಲ್ ಉಳಿದಿರೋವಾಗಲೇ ಬ್ಲೂ (ಎಲ್ಲಿ ತಾಗುತ್ತೆ ಅಂತ ತೋರಿಸೋ ನೀಲಿ ಬಣ್ಣ) ಹಾಕಿ ನೋಡಿ. ಗಂಡಿನ ಮೇಲೆ ಉದ್ದಕ್ಕೆ ಮೂರು ಗೆರೆ ತೆಳ್ಳಗೆ ಹಚ್ಚಿ, ಸ್ಲೀವಿನೊಳಗೆ ಹಾಕಿ ಕಾಲು ಸುತ್ತು ತಿರುಗಿಸಿ ತೆಗೀರಿ. ಗೆರೆ ಉದ್ದಕ್ಕೂ ಒಂದೇ ಸಮ ಉಜ್ಜಿದ್ರೆ ಸರಿ. ದಪ್ಪ ತುದೀಲಿ ಮಾತ್ರ ಉಜ್ಜಿದ್ರೆ ಆಂಗಲ್ ಜಾಸ್ತಿ ಇದೆ, ಸಣ್ಣ ತುದೀಲಿ ಮಾತ್ರ ಅಂದ್ರೆ ಕಮ್ಮಿ. ಸರಿ ಬಂದ ದಿನ ಆ ಜಾಬಿನ ಹೆಸರು, ಎಷ್ಟು ಓಡಿಸಿದ್ರಿ, ಮುಳ್ಳು ಎಷ್ಟು ತೋರಿಸ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ನನ್ನ ಲೇತಿನ ಹಿಂದೆ ಗೋಡೆ ಮೇಲೆ ಆ ಪಟ್ಟಿ ಪೇಂಟಲ್ಲೇ ಬರ್ದಿದೀನಿ, ಮೋರ್ಸ್ 2 ಅಂದ್ರೆ 50ಕ್ಕೆ 1.248, ಮೋರ್ಸ್ 3 ಅಂದ್ರೆ 1.2545, ಶೆಡ್ಡಲ್ಲಿರೋ ಹುಡುಗ ಈಗ ನನ್ನ ಕೇಳದೆ ಅದನ್ನ ನೋಡ್ಕೊಂಡೇ ಸೆಟ್ ಮಾಡ್ತಾನೆ.